ಬೆಳಗ್ಗಿನ ಸ್ಯಾಂಡ್‌ವಿಚ್: ಕ್ಯಾಲೊರಿಯಿಂದ ಉಪ್ಪಿನವರೆಗೆ ಲೆಕ್ಕ ಹಾಕುವುದು ಹೇಗೆ?

ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ದಿನಾ ಬೆಳಿಗ್ಗೆ ರೈಲು ಅಥವಾ ಬಸ್ಸು ಹಿಡಿದು ಮಂಗಳೂರಿಗೆ ಓದಲು, ದುಡಿಯಲು ಹೋಗುವವರು ತುಂಬ ಮಂದಿ. ಮನೆಯಲ್ಲಿ ಕೂತು ದೋಸೆ ತಿನ್ನಲು ಪುರುಸೊತ್ತು ಇರುವುದಿಲ್ಲ. ಹಾಗಾಗಿ ಮಂಗಳೂರಿನಲ್ಲಿ ಇಳಿದ ಮೇಲೆ ಮೊಟ್ಟೆ, ಚೀಸ್ ಇಟ್ಟ ಒಂದು ಸ್ಯಾಂಡ್‌ವಿಚ್ ತೆಗೆದುಕೊಂಡು, ನಡೆಯುತ್ತಲೇ ತಿಂದು ಮುಗಿಸುತ್ತಾರೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಆದರೆ ಗುಣಿಸಲು, ಕೂಡಲು ಬಂದರೆ ಸಾಕು, ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಹೆಚ್ಚಿನವರು ಕ್ಯಾಲೊರಿ ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಉಪ್ಪಿನ ಲೆಕ್ಕವನ್ನೂ ನೋಡಲೇಬೇಕು ಎನ್ನುವುದು ನನ್ನ ಒತ್ತಾಯ.

ಮೊದಲು ಬೋರ್ಡು ನೋಡಿ

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ, 10 ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆ ಇರುವ ಹೋಟೆಲು, ಫಾಸ್ಟ್‌ಫುಡ್ ಸರಣಿಗಳು ಪ್ರತಿ ತಿನಿಸಿನ ಎದುರು ಅದರ ಕ್ಯಾಲೊರಿ ಎಷ್ಟು ಎಂದು ಮೆನುವಿನಲ್ಲಿ ಬರೆಯಬೇಕು. 2022ರ ಜುಲೈನಿಂದ ಇದು ಜಾರಿಯಲ್ಲಿದೆ. ಬೋರ್ಡಿನಲ್ಲಿ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ 'ಕೆಕ್ಯಾಲ್' ಎಂದು ಕಾಣುವುದು ಅದೇ. ಒಬ್ಬ ವಯಸ್ಕರಿಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕು, ಇದು ಒಬ್ಬೊಬ್ಬರಿಗೆ ಬೇರೆಬೇರೆ ಆಗಬಹುದು ಎಂಬ ಸಾಲೂ ಅಲ್ಲೇ ಇರಬೇಕು.

ಆಮೇಲೆ ಪೂರ್ತಿ ಪಟ್ಟಿ ಕೇಳಿ

ಬೋರ್ಡಿನಲ್ಲಿ ಸಿಗುವುದು ಕ್ಯಾಲೊರಿ ಮಾತ್ರ. ಪ್ರೋಟೀನ್, ಕೊಬ್ಬು, ಸಕ್ಕರೆ, ಸೋಡಿಯಂ ಎಷ್ಟೆಷ್ಟು ಎಂದು ತಿಳಿಯಲು ಪೋಷಕಾಂಶದ ಪಟ್ಟಿ ಬೇಕು. ಗ್ರಾಹಕರು ಕೇಳಿದರೆ ಅದನ್ನು ಒದಗಿಸಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಕೇಳಲು ಸಂಕೋಚ ಬೇಡ. ದುಡ್ಡು ಕೊಡುವವರು ನಾವೇ ಅಲ್ವಾ?

ಪಟ್ಟಿ ಕೈಗೆ ಬಂದಾಗ ಮೊದಲು ಒಂದು ವಿಷಯ ನೋಡಿಕೊಳ್ಳಿ. ಸಂಖ್ಯೆಗಳು 100 ಗ್ರಾಂಗೋ, ಇಡೀ ಸ್ಯಾಂಡ್‌ವಿಚ್‌ಗೋ? ಪ್ಲಾಸ್ಟಿಕ್ ಪ್ಯಾಕಿನಲ್ಲಿ ಸಿಗುವ ಸ್ಯಾಂಡ್‌ವಿಚ್‌ಗಳಲ್ಲಿ ಇದು ಬೇಗ ಕಣ್ತಪ್ಪುತ್ತದೆ. 100 ಗ್ರಾಂಗೆ 250 ಕ್ಯಾಲೊರಿ ಎಂದು ಬರೆದಿದೆ, ಸ್ಯಾಂಡ್‌ವಿಚ್ ತೂಕ 160 ಗ್ರಾಂ ಇದೆ ಅಂತಿಟ್ಟುಕೊಳ್ಳಿ. ಆಗ ನೀವು ತಿನ್ನುವುದು 400 ಕ್ಯಾಲೊರಿ.

ನಾಲ್ಕು, ನಾಲ್ಕು, ಒಂಬತ್ತು

ಕ್ಯಾಲೊರಿ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮೂರು ಸಂಖ್ಯೆ ನೆನಪಿಡಿ. ಒಂದು ಗ್ರಾಂ ಪಿಷ್ಟಕ್ಕೆ (ಪಟ್ಟಿಯಲ್ಲಿ ಕಾರ್ಬೋಹೈಡ್ರೇಟ್ ಎಂದಿರುತ್ತದೆ) 4 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕೊಬ್ಬಿಗೆ 9.

ಉದಾಹರಣೆಗೆ ಮೆಕ್‌ಡೊನಾಲ್ಡ್ಸ್‌ನ ಎಗ್ ಮಕ್‌ಮಫಿನ್ ತೆಗೆದುಕೊಳ್ಳೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹರ್ಬ್ ಪೀಟರ್ಸನ್ ಎನ್ನುವವರು 1970ರ ದಶಕದ ಆರಂಭದಲ್ಲಿ ಮಾಡಿದ ತಿನಿಸು ಇದು. ಫಾಸ್ಟ್‌ಫುಡ್ ಅಂಗಡಿಯಲ್ಲಿ ಬೆಳಗ್ಗಿನ ತಿಂಡಿ ಎಂಬ ಪದ್ಧತಿ ಬೆಳೆದದ್ದರಲ್ಲಿ ಇದರ ಪಾಲು ದೊಡ್ಡದು. ದುಂಡಗಿನ ಮಫಿನ್ ಬ್ರೆಡ್ಡಿನೊಳಗೆ ಒಂದು ಮೊಟ್ಟೆ, ಒಂದು ತುಂಡು ಹಂದಿಮಾಂಸ, ಒಂದು ಚೀಸ್ ಹಾಳೆ ಇರುತ್ತದೆ. ಅಲ್ಲಿಯ ಮೆನುವಿನ ಪ್ರಕಾರ ಇದರಲ್ಲಿ 310 ಕ್ಯಾಲೊರಿ, 30 ಗ್ರಾಂ ಪಿಷ್ಟ, 17 ಗ್ರಾಂ ಪ್ರೋಟೀನ್, 13 ಗ್ರಾಂ ಕೊಬ್ಬು ಇದೆ. ಗುಣಿಸಿ ನೋಡಿ: ಪಿಷ್ಟದಿಂದ 120, ಪ್ರೋಟೀನಿನಿಂದ 68, ಕೊಬ್ಬಿನಿಂದ 117. ಒಟ್ಟು 305. ಲೆಕ್ಕ ಸರಿಯಾಗಿ ಕೂರುತ್ತದೆ.

ಇನ್ನು ಅದೇ ಮಫಿನ್‌ನಲ್ಲಿ ಸಾಸೇಜ್ (ಅರೆದ ಹಂದಿಮಾಂಸದ ಬಿಲ್ಲೆ) ಮತ್ತು ಮೊಟ್ಟೆ ಇಟ್ಟದ್ದನ್ನು ನೋಡಿ. ಅದರಲ್ಲಿ 480 ಕ್ಯಾಲೊರಿ. ಪ್ರೋಟೀನ್ 20 ಗ್ರಾಂ, ಅಂದರೆ 3 ಗ್ರಾಂ ಮಾತ್ರ ಜಾಸ್ತಿ. ಕೊಬ್ಬು ಮಾತ್ರ 13 ಗ್ರಾಂನಿಂದ 31 ಗ್ರಾಂಗೆ ಹಾರಿದೆ. ಏರಿದ ಕ್ಯಾಲೊರಿ ಬಹುಪಾಲು ಕೊಬ್ಬಿನದ್ದೇ. ಇಲ್ಲಿಯ ಮಳಿಗೆಗಳ ತಿನಿಸು ಬೇರೆ, ಸಂಖ್ಯೆಗಳೂ ಬೇರೆ. ಲೆಕ್ಕ ಹಾಕುವ ಕ್ರಮ ಮಾತ್ರ ಒಂದೇ.

ಉಪ್ಪು: ಇಲ್ಲಿ ಸ್ವಲ್ಪ ನಿಲ್ಲಿ

ಪಟ್ಟಿಯಲ್ಲಿ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದು ಮಿಲಿಗ್ರಾಂನಲ್ಲಿ ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಎಂದು ಗೊತ್ತಾಗುತ್ತದೆ. ಎಗ್ ಮಕ್‌ಮಫಿನ್‌ನಲ್ಲಿ ಸೋಡಿಯಂ 770 ಮಿಲಿಗ್ರಾಂ. ಅಂದರೆ ಉಪ್ಪು ಹತ್ತಿರ ಹತ್ತಿರ 1.9 ಗ್ರಾಂ. ವಯಸ್ಕರು ಇಡೀ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಲೇಬಲ್‌ಗಳಿಗೂ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ಎಂಬುದೇ ಅಳತೆ.

ಈಗ ಎರಡು ಸಂಖ್ಯೆಗಳನ್ನು ಜೊತೆಗಿಟ್ಟು ನೋಡಿ. ಆ ಸ್ಯಾಂಡ್‌ವಿಚ್ ದಿನದ ಕ್ಯಾಲೊರಿಯಲ್ಲಿ ಶೇಕಡಾ 15ರಷ್ಟನ್ನು ಕೊಡುತ್ತದೆ. ಉಪ್ಪಿನಲ್ಲಿ ಶೇಕಡಾ 38ರಷ್ಟನ್ನು ಮುಗಿಸಿಬಿಡುತ್ತದೆ! ಬರೀ 310 ಕ್ಯಾಲೊರಿ ಅಲ್ವಾ, ಪರವಾಗಿಲ್ಲ ಎಂದುಕೊಂಡವರಿಗೆ ಇದು ಗೊತ್ತೇ ಆಗುವುದಿಲ್ಲ.

ನಾಲಿಗೆಗೂ ಇದು ತಿಳಿಯುವುದಿಲ್ಲ, ಏಕೆಂದರೆ ಉಪ್ಪು ಒಂದೇ ಕಡೆ ಇರುವುದಿಲ್ಲ. ಬ್ರೆಡ್ಡಿನ ಹಿಟ್ಟಿನಲ್ಲಿ ಸ್ವಲ್ಪ, ಸಾಸಿನಲ್ಲಿ ಸ್ವಲ್ಪ, ಕೆಡದಂತೆ ಸಂಸ್ಕರಿಸಿದ ಮಾಂಸದಲ್ಲಿ ಜಾಸ್ತಿ. ಚೀಸ್ ಹಾಳೆ ಒಡೆಯದೆ ನಯವಾಗಿ ಕರಗಲಿ ಎಂದು ಸೇರಿಸುವ ಲವಣಗಳಲ್ಲೂ ಸೋಡಿಯಂ ಇರುತ್ತದೆ.

ಇನ್ನು ನಮ್ಮೂರಿನ ಉಳಿದ ಊಟ ನೆನಪಿಸಿಕೊಳ್ಳಿ. ಮಧ್ಯಾಹ್ನ ಗಂಜಿ, ಅದರ ಜೊತೆ ಮಾವಿನಮಿಡಿ ಉಪ್ಪಿನಕಾಯಿ. ಕೆಲವರಿಗೆ ಸುಟ್ಟ ಒಣಮೀನು. ರಾತ್ರಿ ಒಂದು ಹಪ್ಪಳ. ಇವೆಲ್ಲ ನಮ್ಮ ನಾಲಿಗೆಗೆ ಪ್ರೀತಿಯವು. ಬಿಡಿ ಎಂದು ಹೇಳಲು ನನಗೂ ಮನಸ್ಸಿಲ್ಲ. ಆದರೆ ಬೆಳಿಗ್ಗೆಯೇ ಎರಡು ಗ್ರಾಂ ಉಪ್ಪು ಹೊಟ್ಟೆಗೆ ಸೇರಿದ್ದರೆ ಆ ದಿನ ಉಪ್ಪಿನಕಾಯಿಗೂ ಒಣಮೀನಿಗೂ ಜಾಗ ಉಳಿಯುವುದಿಲ್ಲ. ಬಿಪಿ ಇರುವವರು ಇದನ್ನು ಸುಮ್ನೆ ಓದಿ ಮರೆಯಬಾರದು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಮಾಡಿ, ಹೊರಗೆ ಹೀಗೆ ತಿಂದರೆ ಮಾಡಿದ್ದೆಲ್ಲ ವ್ಯರ್ಥ.

ಪ್ರೋಟೀನಿನ ವಿಷಯದಲ್ಲಿ ನ್ಯಾಯ ಹೇಳಬೇಕು

ಸ್ಯಾಂಡ್‌ವಿಚ್ಚನ್ನು ಬೈದು ಮನೆ ತಿಂಡಿಯನ್ನು ಹೊಗಳುವುದು ಸುಲಭ. ಪ್ರೋಟೀನಿನ ವಿಷಯದಲ್ಲಿ ಅದು ಸರಿಯಲ್ಲ. 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ ಪ್ರೋಟೀನ್ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಲೆಕ್ಕ ಕೊಟ್ಟಿದೆ. 17 ಗ್ರಾಂ ಎಂದರೆ ಅದರ ಮೂರನೇ ಒಂದು ಪಾಲು. ನೀರುದೋಸೆಗೆ 75 ಗ್ರಾಂ ಅಕ್ಕಿ ಹೋದರೂ ಸಿಗುವ ಪ್ರೋಟೀನ್ 6 ಗ್ರಾಂ ಆಸುಪಾಸು. ಜೊತೆಗೆ ಬೆಲ್ಲ, ಕಾಯಿತುರಿ ತಿಂದರೆ ಅದು ಹೆಚ್ಚೇನೂ ಏರುವುದಿಲ್ಲ. ಪುಟ್ಟಿಗೆ ಕಡ್ಲೆ ಸೇರಿದಾಗ, ದೋಸೆಗೆ ಮೊಟ್ಟೆಯೋ ಹೆಸರುಕಾಳಿನ ಗಸಿಯೋ ಸೇರಿದಾಗ ಮನೆ ತಿಂಡಿ ಗೆಲ್ಲುತ್ತದೆ. ಕಾಳಿನಲ್ಲಿ ನಾರೂ ಇದೆ. ಮೈದಾ ಬನ್ನಿನ ಸ್ಯಾಂಡ್‌ವಿಚ್‌ನಲ್ಲಿ ನಾರು 2 ಗ್ರಾಂನಷ್ಟೇ.

ಪಟ್ಟಿಯೇ ಇಲ್ಲದ ಅಂಗಡಿಯಲ್ಲಿ

ಬದಿಯಡ್ಕ, ಚೆರ್ಕಳದ ಬೇಕರಿಗೆ ಮೇಲಿನ ನಿಯಮ ತಾಗುವುದಿಲ್ಲ. ಅಲ್ಲಿ ಸ್ಯಾಂಡ್‌ವಿಚ್ಚನ್ನು ಬಿಡಿಸಿ ನೋಡಿ, ಒಂದೊಂದೇ ಭಾಗವನ್ನು ಕೂಡಿಸಬೇಕು. ಅಂದಾಜು ಹೀಗೆ: ಒಂದು ಹೋಳು ಬ್ರೆಡ್ 75 ಕ್ಯಾಲೊರಿ. ಒಂದು ಮೊಟ್ಟೆ 70 ಕ್ಯಾಲೊರಿ, ಪ್ರೋಟೀನ್ 6 ಗ್ರಾಂ. ಒಂದು ಹಾಳೆ ಚೀಸ್ 60. ಬೆಣ್ಣೆ 10 ಗ್ರಾಂ ಸವರಿದರೆ 70ಕ್ಕಿಂತ ಸ್ವಲ್ಪ ಜಾಸ್ತಿ. ಮೊಟ್ಟೆ ಹಾಕಿದ ಮಯೋನೀಸ್ ಒಂದು ದೊಡ್ಡ ಚಮಚಕ್ಕೆ 90ರಿಂದ 100. ಸೌತೆ, ಟೊಮೆಟೊ, ನೀರುಳ್ಳಿ ಲೆಕ್ಕಕ್ಕೇ ಬೇಡ, ಅವು ಎಷ್ಟಿದ್ದರೂ ಒಳ್ಳೆಯದೇ.

ಮಯೋನೀಸ್ ಎಂದಾಗ ಒಂದು ಮಾತು. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳದಲ್ಲಿ 2023ರ ಜನವರಿಯಲ್ಲಿ ನಿಷೇಧಿಸಲಾಯಿತು. ಪಾರ್ಸೆಲ್ ಮೇಲೆ ತಯಾರಿಸಿದ ಸಮಯದ ಚೀಟಿ ಇರಬೇಕು ಎಂಬ ನಿಯಮವೂ ಆಗಲೇ ಬಂತು. ಸಂಜೆಗೆ ತಿನ್ನೋಣ ಎಂದು ಸ್ಯಾಂಡ್‌ವಿಚ್ಚನ್ನು ಚೀಲದಲ್ಲಿ ಇಟ್ಟುಕೊಳ್ಳಬೇಡಿ.

ಮನೆಯಲ್ಲೇ ಮಾಡುವವರು ಎಣ್ಣೆಯನ್ನೂ ಅಳೆಯಿರಿ. ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ಎಣ್ಣೆಗೆ 45 ಕ್ಯಾಲೊರಿ. ನಮ್ಮ ತೆಂಗಿನೆಣ್ಣೆಯಾದರೆ ಅದರಲ್ಲಿ 4 ಗ್ರಾಂಗಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಹೃದಯಕ್ಕೆ ಅಷ್ಟು ಒಳ್ಳೆಯದಲ್ಲದ ಈ ಬಗೆಯ ಕೊಬ್ಬಿಗೆ ದಿನದ ಮಿತಿ 22 ಗ್ರಾಂ ಎಂದು ಲೇಬಲ್ ನಿಯಮ ಹೇಳುತ್ತದೆ. ಎರಡು ಹೋಳು ಬ್ರೆಡ್, ಎರಡು ಮೊಟ್ಟೆ, ಒಂದು ಸಣ್ಣ ಚಮಚ ಎಣ್ಣೆ, ನೀರುಳ್ಳಿ, ಕರಿಮೆಣಸಿನ ಪುಡಿ: ಇಷ್ಟಕ್ಕೆ ಸುಮಾರು 335 ಕ್ಯಾಲೊರಿ, 17 ಗ್ರಾಂ ಪ್ರೋಟೀನ್. ಉಪ್ಪು ಎಷ್ಟು ಹಾಕಬೇಕು ಎನ್ನುವುದು ನಿಮ್ಮ ಕೈಯಲ್ಲೇ ಇದೆ.

ಕೊನೆಗೆ ಕೈಯಲ್ಲಿರುವ ಲೋಟ

ಕಾಂಬೋ ತೆಗೆದುಕೊಂಡರೆ ಸ್ಯಾಂಡ್‌ವಿಚ್‌ನ ಲೆಕ್ಕ ಒಂದೇ ಸಾಲದು. 300 ಮಿಲಿ ಕೋಲಾದಲ್ಲಿ 30 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ. ಕೌಂಟರಿನಲ್ಲಿ ಹೇಳುವಾಗ ಕೋಲಾ ಬೇಡ, ಸಕ್ಕರೆ ಕಮ್ಮಿ ಮಾಡಿದ ಚಾ ಸಾಕು ಎನ್ನಿ. ಚೀಸ್ ಬೇಡ, ಸಾಸ್ ಪಕ್ಕಕ್ಕೆ ಕೊಡಿ ಎಂದು ಕೇಳಿದರೆ ಉಪ್ಪೂ ಇಳಿಯುತ್ತದೆ.

ಮಕ್ಕಳಿಗೆ ಕೊಡಿಸುವಾಗ ಬೋರ್ಡಿನ 2000 ಎಂಬ ಸಂಖ್ಯೆಯನ್ನು ಮರೆತುಬಿಡಿ, ಅದು ದೊಡ್ಡವರದ್ದು. ನಾಲ್ಕರಿಂದ ಆರು ವರ್ಷದ ಮಗುವಿಗೆ ಇಡೀ ದಿನಕ್ಕೆ ಬೇಕಾದದ್ದು ಸುಮಾರು 1360 ಕ್ಯಾಲೊರಿ. 480ರ ಒಂದು ಸ್ಯಾಂಡ್‌ವಿಚ್ ಅದರ ಮೂರನೇ ಒಂದು ಪಾಲನ್ನೂ ಮೀರುತ್ತದೆ. ಅರ್ಧ ಕತ್ತರಿಸಿ ಕೊಡಿ, ಜೊತೆಗೆ ಒಂದು ಕದಳಿ ಬಾಳೆಹಣ್ಣು ಇರಲಿ.