ಹಳೇ ಟ್ರ್ಯಾಕ್ಟರ್, ಜೆಸಿಬಿ ಹರಾಜು: ಕೊಡಗಿನಿಂದ ಹೊರಡುವ ಮುನ್ನ ಓದಬೇಕಾದ ಷರತ್ತುಗಳು

ಹರಾಜಿನ ಯಾರ್ಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಟೈರಿನ ಮೇಲೆ. ಆಮೇಲೆ ಬಾನೆಟ್ ಎತ್ತಿ ನೋಡುತ್ತಾರೆ. ಷರತ್ತಿನ ಹಾಳೆ ನೆನಪಾಗುವುದು ಏನಾದರೂ ಎಡವಟ್ಟಾದ ಮೇಲೆ. ಕೊಡಗಿನಿಂದ ಮೈಸೂರು, ಹಾಸನ, ಬೆಂಗಳೂರು ಕಡೆಯ ಯಾರ್ಡುಗಳಿಗೆ ಇಳಿದು ಹೋಗುವವರಿಗೂ ಮನೆಯಲ್ಲೇ ಕೂತು ಫೋನಿನಲ್ಲಿ ಬಿಡ್ ಒತ್ತುವವರಿಗೂ ಈ ಅಭ್ಯಾಸ ದುಬಾರಿ. ಹಾಳೆ ಮೊದಲು ಓದಿ, ಗಾಡಿ ಆಮೇಲೆ ನೋಡಿ. ಎಷ್ಟೋ ಲಾಟುಗಳನ್ನು (ಒಟ್ಟಿಗೆ ಕೂಗಿಗೆ ಇಟ್ಟ ಗಾಡಿ, ಯಂತ್ರಗಳನ್ನು) ನೋಡಲು ಹೋಗುವ ಡೀಸೆಲ್ಲೇ ದಂಡ ಎಂಬುದು ಓದುವಾಗಲೇ ಗೊತ್ತಾಗುತ್ತದೆ.

ಮಾರುತ್ತಿರುವವರು ಯಾರು?

ಕಂತು ಕಟ್ಟದೆ ಫೈನಾನ್ಸ್‌ನವರು ಅಥವಾ ಬ್ಯಾಂಕಿನವರು ಸೀಜ್ ಮಾಡಿದ ಗಾಡಿ ಒಂದು ಬಗೆ. ಸರ್ಕಾರಿ ಇಲಾಖೆ, ಸ್ಥಳೀಯ ಸಂಸ್ಥೆ, ಸಾರ್ವಜನಿಕ ಉದ್ದಿಮೆಗಳು ವಿಲೇವಾರಿ ಮಾಡುವ ಯಂತ್ರ ಇನ್ನೊಂದು. ಇವು ಬಹಳಷ್ಟು ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆಯಂಥ ಆನ್‌ಲೈನ್ ಹರಾಜಿನಲ್ಲಿ ಬರುತ್ತವೆ. ಮೂರನೆಯದು ಗುತ್ತಿಗೆದಾರರೋ ತೋಟದ ಕಂಪನಿಯೋ ತಾವಾಗಿ ಹರಾಜಿಗೆ ಬಿಟ್ಟ ಯಂತ್ರ. ಮೂರರ ಕಾಗದಪತ್ರವೂ ಬೇರೆ ಬೇರೆ.

ಸರ್ಕಾರಿ ಲಾಟಿನಲ್ಲಿ ಮೊದಲು ವಯಸ್ಸು ನೋಡಿ. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ; ಅವು ನೋಂದಾಯಿತ ಗುಜರಿ ಕೇಂದ್ರಗಳಿಗೇ ಹೋಗಬೇಕು. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅಂಥ ಟ್ರ್ಯಾಕ್ಟರು ನಿಮ್ಮ ಹೆಸರಿಗೆ ಬರುವುದಿಲ್ಲ. ಲಾಟಿನ ವಿವರದಲ್ಲಿ ‘ಸ್ಕ್ರ್ಯಾಪ್’ ಎಂದಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಸಣ್ಣ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಕೃಷಿ ಇಲಾಖೆಯ ಸಹಾಯಧನದಲ್ಲಿ ಕೊಂಡ ಟಿಲ್ಲರ್, ಕಳೆ ಕೊಚ್ಚುವ ಯಂತ್ರಗಳನ್ನು ಇಂತಿಷ್ಟು ಕಾಲ ಮಾರಬಾರದೆಂಬ ಷರತ್ತು ಇರುತ್ತದೆ. ಮೈಮೇಲೆ ಇಲಾಖೆಯ ಯೋಜನೆಯ ಹೆಸರು ಬರೆದಿದ್ದರೆ ಮೂಲ ಬಿಲ್ಲಿನ ತಾರೀಖು ಕೇಳಿ.

ಹಾಳೆಯಲ್ಲಿ ಬೆರಳಿಟ್ಟು ಓದಬೇಕಾದ ಸಾಲುಗಳು

‘ಇದ್ದಲ್ಲೇ, ಇದ್ದಂತೆಯೇ.’ ಇದು ಬಹುತೇಕ ಎಲ್ಲ ಹಾಳೆಯಲ್ಲೂ ಇರುತ್ತದೆ: ಗಾಡಿ ಹೇಗಿದೆಯೋ ಹಾಗೇ ಒಪ್ಪಿಕೊಳ್ಳಬೇಕು ಎಂದರ್ಥ. ಲಾಟಿನ ವಿವರದಲ್ಲಿ ‘2018ರ ಮಾದರಿ, 4,200 ಗಂಟೆ’ ಎಂದು ಬರೆದು ಕೆಳಗೆ ಸಣ್ಣ ಅಕ್ಷರದಲ್ಲಿ ‘ವಿವರಗಳಿಗೆ ಹರಾಜುದಾರರು ಜವಾಬ್ದಾರರಲ್ಲ’ ಎಂದಿದ್ದರೆ, ಆ 4,200ಕ್ಕೆ ಕಿಮ್ಮತ್ತಿಲ್ಲ. ಓಡಿದ ಗಂಟೆ ಎಣಿಸುವ ಅವರ್ ಮೀಟರ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಪೆಡಲ್‌ನ ರಬ್ಬರು, ಲಿವರಿನ ತುದಿ, ಸೀಟಿನ ಕೆಳಗಿನ ತಗಡು ಹೇಳುವ ಲೆಕ್ಕವೇ ನಿಜವಾದದ್ದು.

ಠೇವಣಿ. ಯಾರ್ಡಿನವರು ಇಎಂಡಿ ಎನ್ನುತ್ತಾರೆ. ಅದು ಒಂದೊಂದು ಲಾಟಿಗೋ ಇಡೀ ದಿನಕ್ಕೋ, ಗೆಲ್ಲದಿದ್ದರೆ ಎಷ್ಟು ದಿನದಲ್ಲಿ ವಾಪಸು, ಗೆದ್ದು ಹಣ ಕಟ್ಟದಿದ್ದರೆ ಪೂರ್ತಿ ಮುಟ್ಟುಗೋಲೋ ಎಂದು ನೋಡಿ.

‘ಮಾರಾಟಗಾರರ ಒಪ್ಪಿಗೆಗೆ ಒಳಪಟ್ಟು.’ ಜನ ಹೆಚ್ಚು ಎಡವುವ ಸಾಲು ಇದು. 1930ರ ಸರಕುಗಳ ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ ಹರಾಜುಗಾರ ಸುತ್ತಿಗೆ ಬಡಿದಾಗ, ಅಥವಾ ರೂಢಿಯ ಬೇರೆ ರೀತಿಯಲ್ಲಿ ಘೋಷಿಸಿದಾಗ, ಮಾರಾಟ ಮುಗಿಯುತ್ತದೆ. ಅಲ್ಲಿಯವರೆಗೆ ಕೂಗಿದವರು ಕೂಗನ್ನು ಹಿಂತೆಗೆದುಕೊಳ್ಳಬಹುದು. ಒಂದೊಂದು ಲಾಟೂ ಒಂದೊಂದು ಪ್ರತ್ಯೇಕ ಒಪ್ಪಂದ. ಆದರೆ ಸೀಜ್ ಗಾಡಿಗಳ ಹರಾಜಿನಲ್ಲಿ ಮೂರು ಸಾರಿ ಕೂಗಿ ನಿಮ್ಮ ಹೆಸರು ಬರೆದುಕೊಂಡರೂ ಮಾರಾಟ ಆಗಿರುವುದಿಲ್ಲ. ಬ್ಯಾಂಕು ಒಪ್ಪಬೇಕು. ಒಂದು ವಾರ, ಹತ್ತು ದಿನ ನಿಮ್ಮ ಠೇವಣಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಅಷ್ಟರಲ್ಲಿ ಇನ್ನೊಂದು ಒಳ್ಳೆಯ ಗಾಡಿ ಬಂದರೂ ಕೈ ಹಾಕುವಂತಿಲ್ಲ. ಒಪ್ಪಿಗೆಗೆ ಕೊನೆಯ ದಿನ ಹಾಳೆಯಲ್ಲಿ ಬರೆದಿದೆಯೇ ನೋಡಿ. ಬರೆಯದಿದ್ದರೆ ಕೂಗುವ ಮೊದಲೇ ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ‘ಎರಡು ದಿನ ಅಷ್ಟೇ ಸಾರ್’ ಎನ್ನುವುದು ಎಲ್ಲ ಯಾರ್ಡಿನಲ್ಲೂ ಕೇಳಿಬರುತ್ತದೆ.

ಅದೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಮಾರುವವರು ತಾವೂ ಕೂಗುವ ಹಕ್ಕನ್ನು ಮೊದಲೇ ಸ್ಪಷ್ಟವಾಗಿ ಕಾಯ್ದಿರಿಸಿಕೊಂಡಿರಬೇಕು. ಹಾಗೆ ಮಾಡದೆ ತಮ್ಮವರನ್ನು ನಿಲ್ಲಿಸಿ ಬೆಲೆ ಏರಿಸಿದರೆ ಕೊಂಡವರು ಮಾರಾಟವನ್ನು ರದ್ದು ಮಾಡಿಸಬಹುದು. ಸಾಬೀತು ಮಾಡುವುದು ಕಷ್ಟ. ಹಾಗಾಗಿ ಕಾನೂನಿಗಿಂತ, ಕೂಗುವ ಮೊದಲೇ ನೀವು ಚೀಟಿಯಲ್ಲಿ ಬರೆದಿಟ್ಟುಕೊಂಡ ಗರಿಷ್ಠ ಮೊತ್ತವೇ ಇಲ್ಲಿ ನಿಮ್ಮನ್ನು ಹೆಚ್ಚು ಕಾಯುತ್ತದೆ. ಆನ್‌ಲೈನಿನಲ್ಲಂತೂ ಕೊನೆಯ ಕೆಲವು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಸಮಯ ತಾನಾಗಿ ಮುಂದಕ್ಕೆ ಹೋಗುವ ಏರ್ಪಾಡು ಸಾಮಾನ್ಯ. ಕೊನೇ ಸೆಕೆಂಡಿನಲ್ಲಿ ಹಾಕಿ ಗೆಲ್ಲುತ್ತೇನೆ ಎಂಬ ಉಪಾಯ ಅಲ್ಲಿ ನಡೆಯದು.

ಕೂಗಿದ ಬೆಲೆ, ಕಟ್ಟುವ ಬೆಲೆ

ಲೆಕ್ಕಕ್ಕೆಂದು ಒಂದು ಯಂತ್ರವನ್ನು 6,00,000 ರೂಪಾಯಿಗೆ ಕೂಗಿದಿರಿ ಎನ್ನೋಣ. ಹಾಳೆಯಲ್ಲಿ ‘ಜಿಎಸ್‌ಟಿ ಪ್ರತ್ಯೇಕ, 18%’ ಮತ್ತು ‘ಕೊಳ್ಳುವವರ ಶುಲ್ಕ 2%’ ಎಂದಿದೆ. ಜಿಎಸ್‌ಟಿ 1,08,000. ಶುಲ್ಕ 12,000, ಆ ಶುಲ್ಕದ ಮೇಲೆ ಮತ್ತೆ 18% ಎಂದರೆ 2,160. ಒಟ್ಟು 7,22,160. ಲಾರಿ ಬಾಡಿಗೆ, ವಿಮೆ, ಆರ್‌ಟಿಒ ಖರ್ಚು ಇನ್ನೂ ಸೇರಿಲ್ಲ. ಸೀಜ್ ಮಾಡಿದ ವಾಹನಕ್ಕೆ ಕೆಲವೆಡೆ ಪೂರ್ತಿ ಬೆಲೆಯ ಬದಲು ಮಾರುವವರ ಲಾಭದ ಅಂತರಕ್ಕಷ್ಟೇ ಜಿಎಸ್‌ಟಿ ಬೀಳುತ್ತದೆ, ಆದ್ದರಿಂದ ಪ್ರತಿ ಲಾಟಿಗೂ ಬೇರೆಯಾಗಿ ಕೇಳಬೇಕು. ಮೋಟಾರು ವಾಹನದ ಬೆಲೆ 10 ಲಕ್ಷ ದಾಟಿದರೆ 1% ಟಿಸಿಎಸ್ (ಮಾರುವವರು ಕೊಳ್ಳುವವರಿಂದ ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ಸೇರುತ್ತದೆ. ಅದು ನಿಮ್ಮ ಪ್ಯಾನ್ ಖಾತೆಗೆ ಜಮೆಯಾಗುವುದರಿಂದ ನಷ್ಟವಲ್ಲ, ಆದರೆ ಅಂದು ಹಣ ಕೈಯಲ್ಲಿರಬೇಕು.

ಪಕ್ಕದಲ್ಲಿ ಕೂತ ಗುತ್ತಿಗೆದಾರರು ನಿಮಗಿಂತ ಧೈರ್ಯವಾಗಿ ಏರಿಸುವುದೇಕೆ ಎಂಬುದೂ ಇಲ್ಲೇ ಇದೆ. ಅವರಿಗೆ ಜಿಎಸ್‌ಟಿ ನಂಬರಿದೆ. ಬಿಲ್ಲಿನಲ್ಲಿ ತೋರಿಸಿದ 1,08,000ವನ್ನು ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಬರೀ ಕಾಫಿ, ಮೆಣಸು ಬೆಳೆಯುವವರಿಗೆ ಸಾಮಾನ್ಯವಾಗಿ ಆ ದಾರಿಯಿಲ್ಲ. ಅವರ 7 ಲಕ್ಷದ ಕೂಗೂ ನಿಮ್ಮ 6 ಲಕ್ಷದ ಕೂಗೂ ಹತ್ತಿರ ಹತ್ತಿರ ಒಂದೇ ಖರ್ಚು. ಅವರೊಂದಿಗೆ ಜಿದ್ದಿಗೆ ಬೀಳಬೇಡಿ.

ಹಣ ಬ್ಯಾಂಕಿನ ಮೂಲಕವೇ, ಕೂಗಿದವರ ಖಾತೆಯಿಂದಲೇ ಹೋಗಬೇಕು. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಭಾವನ ಖಾತೆಯಿಂದ ಹಾಕಿದರೆ ಬಿಡುಗಡೆ ಪತ್ರ ನಿಂತುಹೋಗುತ್ತದೆ. ಯಾರ ಹೆಸರಿನಲ್ಲಿ ಗಾಡಿ ಬೇಕೋ ಅವರ ಹೆಸರಿನಲ್ಲೇ ನೋಂದಾಯಿಸಿ.

ಯಾರ್ಡಿನಲ್ಲಿ ನೋಡುವ ಬಗೆ

ಬಹುತೇಕ ಯಾರ್ಡುಗಳಲ್ಲಿ ಓಡಿಸಲು ಬಿಡುವುದಿಲ್ಲ, ಸ್ಟಾರ್ಟ್ ಮಾಡಿ ತೋರಿಸುತ್ತಾರೆ ಅಷ್ಟೇ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಬೇರೆ ಲಾಟು ನೋಡಿ ಎರಡು ಗಂಟೆ ಬಿಟ್ಟು ಬನ್ನಿ. ತಣ್ಣಗಿನ ಎಂಜಿನ್ನಿನ ಮೊದಲ ಹೊಗೆಗೆ ಸುಳ್ಳು ಹೇಳಲು ಬರುವುದಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳ ತೆಗೆದಾಗ ಗಾಳಿ ಬಡಿಬಡಿದು ಬರುತ್ತಿದ್ದರೆ ರಿಂಗ್ ಸವೆದಿವೆ. ರೇಡಿಯೇಟರಿನಲ್ಲಿ ಎಣ್ಣೆಯ ಪದರ ಕಂಡರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ.

ಜೆಸಿಬಿಯಲ್ಲಿ ಹಣ ನುಂಗುವುದು ಎಂಜಿನ್ನಲ್ಲ, ಪಿನ್ನು-ಬುಶ್ಶು ಮತ್ತು ಹೈಡ್ರಾಲಿಕ್ಕು. ಹಿಂದಿನ ತೋಳು ತಿರುಗುವ ಕಿಂಗ್‌ಪೋಸ್ಟಿನ ಬಳಿ ನಿಂತು, ಬಕೆಟ್ಟನ್ನು ನೆಲದಿಂದ ಒಂದಡಿ ಎತ್ತಿಸಿ, ತೋಳನ್ನು ಎಡಬಲಕ್ಕೆ ತಳ್ಳಿ ನೋಡಿ. ಲಟಕ್ ಎಂದು ಆಡಿದರೆ ಬುಶ್ಶು ಹೋಗಿದೆ, ರಂಧ್ರವೂ ಅಗಲವಾಗಿದ್ದರೆ ಲೈನ್ ಬೋರಿಂಗ್ (ರಂಧ್ರವನ್ನು ಮತ್ತೆ ಅಳತೆಗೆ ಕೊರೆಯುವ ಕೆಲಸ) ಮಾಡಿಸಬೇಕು. ಬೂಮಿನ (ಯಂತ್ರಕ್ಕೆ ಅಂಟಿದ ತೋಳಿನ ದಪ್ಪ ಭಾಗದ) ಮೇಲೆ ಹೊಸ ಬಣ್ಣದ ಪಟ್ಟಿ ಒಂದೇ ಕಡೆ ಕಂಡರೆ ಉಗುರಿನಿಂದ ಕೆರೆಯಿರಿ. ಕೆಳಗೆ ವೆಲ್ಡಿಂಗ್ ಇರಬಹುದು. ಆಮೇಲೆ ಬೂಮು ಎತ್ತಿ, ಎಂಜಿನ್ ಆಫ್ ಮಾಡಿಸಿ, ಸಿಲಿಂಡರಿನ ರಾಡಿನ ಮೇಲೆ ಚಾಕಿನಿಂದ ಗುರುತು ಹಾಕಿ 10 ನಿಮಿಷ ಬಿಡಿ. ಅಷ್ಟು ಹೊತ್ತೂ ಎತ್ತಿದ ಬೂಮಿನ ಕೆಳಗೆ ಯಾರೂ ನಿಲ್ಲಬಾರದು. ಎಷ್ಟು ಇಳಿಯಿತೋ ಅಷ್ಟು ಸೀಲು ಅಥವಾ ವಾಲ್ವಿನ ಸೋರಿಕೆ. ಒಂದು ಎಚ್ಚರಿಕೆ: ಯಾರ್ಡಿನಲ್ಲಿ ಎಣ್ಣೆ ತಣ್ಣಗೆ, ದಪ್ಪಗಿರುತ್ತದೆ. ಅಲ್ಲೇ ಒಂದು ಇಂಚು ಇಳಿದರೆ, ತೋಟದ ರಸ್ತೆ ಕಡಿಯುತ್ತ ಮೂರು ಗಂಟೆ ದುಡಿದು ಬಿಸಿಯಾದ ಮೇಲೆ ಇನ್ನೂ ಹೆಚ್ಚು ಇಳಿಯುತ್ತದೆ.

2021ರ ಏಪ್ರಿಲ್‌ನಿಂದ ನಿರ್ಮಾಣ ಯಂತ್ರಗಳಿಗೆ ಸಿಇವಿ ಹಂತ-4ರ ಹೊಗೆ ನಿಯಮ ಬಂತು. ಆ ನಂತರದ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಸಾಮಾನ್ಯ. ಹಳೆಯ ಪಂಪನ್ನು ಕುಶಾಲನಗರದ ಗ್ಯಾರೇಜಿನಲ್ಲಿ ಬಿಚ್ಚಬಹುದು, ಹೊಸದಕ್ಕೆ ಲ್ಯಾಪ್‌ಟಾಪ್ ಹಿಡಿದು ಬರುವ ಕಂಪನಿಯವರನ್ನೇ ಕಾಯಬೇಕು. ಕೀಲಿ ತಿರುಗಿಸಿದಾಗ ಎಚ್ಚರಿಕೆ ದೀಪ ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಬಲ್ಬು ಕಿತ್ತಿದ್ದಾರೆ ಎಂದೇ ತಿಳಿಯಿರಿ.

ಟ್ರ್ಯಾಕ್ಟರಿನಲ್ಲಿ ಅದು ಎಲ್ಲಿ ದುಡಿದಿದೆ ಎಂದು ಮೊದಲು ಊಹಿಸಿ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಗಾಲಿ) ಹಾಕಿ ಕೆಸರು ಗದ್ದೆಯಲ್ಲಿ ಓಡಿದ್ದರೆ ಹಿಂದಿನ ಆಕ್ಸಲ್ ಸೀಲಿನಿಂದ ನೀರು ಒಳಹೊಕ್ಕು ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿರುತ್ತದೆ. ಡಿಪ್‌ಸ್ಟಿಕ್ ಎಳೆದರೆ ತಿಳಿಯುತ್ತದೆ. ತೋಟದಲ್ಲಿ ಗಿಡಗಳ ನಡುವೆ ತಿರುಗಿ ತಿರುಗಿ ದುಡಿದಿದ್ದರೆ ಮುಂದಿನ ಚಕ್ರ ತಿರುಗಿಸುವ ಕಿಂಗ್‌ಪಿನ್ ಸಡಿಲ, ಇಳಿಜಾರಿನಲ್ಲಿ ಟ್ರೈಲರ್ ಎಳೆದಿದ್ದರೆ ಕ್ಲಚ್ಚು, ಬ್ರೇಕು ಮುಗಿದಿರುತ್ತವೆ. ಬಯಲುಸೀಮೆಯ ಟ್ರ್ಯಾಕ್ಟರಿಗೆ ತುಕ್ಕು ಕಡಿಮೆ, ಆದರೆ ಧೂಳು ತಿಂದ ಏರ್ ಫಿಲ್ಟರು ಎಂಜಿನ್ನನ್ನೇ ಸವೆಸಿರುತ್ತದೆ. ಪವರ್ ಟಿಲ್ಲರಿಗೆ ಅಷ್ಟು ತಲೆಬಿಸಿ ಬೇಡ: ಬೆಲ್ಟು, ಸ್ಟೀರಿಂಗ್ ಕ್ಲಚ್ಚು, ರೋಟರಿಯ ಚೈನ್ ಪೆಟ್ಟಿಗೆಯ ಸೋರಿಕೆ, ಇಷ್ಟು ನೋಡಿದರೆ ಸಾಕು.

ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಅದನ್ನು ಆರ್‌ಸಿ ಪ್ರತಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ.

ಕಾಗದ

ಗಾಡಿಯ ನಂಬರು ಹಾಕಿ ಪರಿವಾಹನ್ ಜಾಲತಾಣದಲ್ಲಿ ಸಾಲದ ನಮೂದು, ತೆರಿಗೆ, ಫಿಟ್ನೆಸ್, ವಿಮೆ, ಬಾಕಿ ದಂಡ ನೋಡಿ. ಬಾಕಿ ಯಾರ ತಲೆಗೆ ಎಂದು ಹಾಳೆಯಲ್ಲಿ ಇರುತ್ತದೆ, ಹೆಚ್ಚಾಗಿ ಕೊಂಡವರ ತಲೆಗೇ.

ಮಾಮೂಲು ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲದ ನಮೂದು ತೆಗೆಸಲು 35. ಸಾಲಗಾರ ಆರ್‌ಸಿ ಕೊಡದೆ ಗಾಡಿ ಸೀಜ್ ಆಗಿದ್ದರೆ ಫೈನಾನ್ಸ್‌ನವರು ನಮೂನೆ 36ರಲ್ಲಿ ತಮ್ಮ ಹೆಸರಿಗೆ ಹೊಸ ಆರ್‌ಸಿ ಮಾಡಿಸಿಕೊಳ್ಳಬೇಕು. ಇದು ಆಗಿದೆಯೇ ಎಂದು ಕೂಗುವ ಮೊದಲೇ ಕೇಳಿ, ಇಲ್ಲವಾದರೆ ತಿಂಗಳುಗಟ್ಟಲೆ ಗಾಡಿ ಶೆಡ್ಡಿನಲ್ಲೇ. ಸರ್ಕಾರಿ ಹರಾಜಿನದಾದರೆ ನಮೂನೆ 32, ಜೊತೆಗೆ ಮಾರಾಟ ದೃಢೀಕರಿಸಿದ ಆದೇಶ ಮತ್ತು ಹರಾಜಿಗೆ ಅನುಮತಿ ಕೊಟ್ಟ ಸರ್ಕಾರಿ ಆದೇಶದ ದೃಢೀಕೃತ ಪ್ರತಿ, ಗಾಡಿ ವಶಕ್ಕೆ ಬಂದ 30 ದಿನದೊಳಗೆ. ಈ ಪ್ರತಿಯನ್ನು ಯಾರ್ಡಿನಲ್ಲೇ ಕೇಳಿ ಪಡೆಯದೆ ಬಂದು, ಮಡಿಕೇರಿಯ ಕೆಎ-12 ಕಚೇರಿಯಲ್ಲಿ ನಿಂತು ನೆನಪಿಸಿಕೊಳ್ಳುವವರೇ ಹೆಚ್ಚು.

ಟ್ರ್ಯಾಕ್ಟರಿಗೂ ಟ್ರೈಲರಿಗೂ ಬೇರೆ ಬೇರೆ ನೋಂದಣಿ. ಒಂದೇ ಲಾಟಿನಲ್ಲಿ ಎರಡೂ ಇದ್ದು ಒಂದೇ ಆರ್‌ಸಿ ಇದ್ದರೆ ಟ್ರೈಲರಿಗೆ ಕಬ್ಬಿಣದ ಬೆಲೆಯಷ್ಟೇ ಲೆಕ್ಕ ಹಾಕಿ. ಚೈನ್ ಮೇಲೆ ಓಡುವ ಹಿಟಾಚಿ, ಮಿನಿ ಎಕ್ಸ್‌ಕವೇಟರುಗಳಿಗೆ ಸಾಮಾನ್ಯವಾಗಿ ಆರ್‌ಸಿಯೇ ಇರುವುದಿಲ್ಲ. ಮೂಲ ಇನ್‌ವಾಯ್ಸು, ಸಾಲ ತೀರಿದ ಪತ್ರ ಮತ್ತು ಸೀರಿಯಲ್ ನಂಬರ್ ಬರೆದ ಹರಾಜಿನ ಬಿಲ್ಲು, ಇವೇ ನಿಮ್ಮ ಒಡೆತನದ ಪುರಾವೆ. ಮಾಕುಟ್ಟದ ಆಚೆಯಿಂದ ಕೇರಳ ನೋಂದಣಿಯ ಗಾಡಿ ಅಗ್ಗಕ್ಕೆ ಸಿಕ್ಕರೆ ಎನ್‌ಒಸಿ, ಮರುನೋಂದಣಿ, ಕರ್ನಾಟಕದ ತೆರಿಗೆ ಮೂರನ್ನೂ ಆ ಅಗ್ಗದಲ್ಲಿ ಕಳೆದು ನೋಡಿ.

ಎತ್ತುವಳಿ

ಹಣ ಕಟ್ಟಿದ ಮೇಲೆ ಇಂತಿಷ್ಟು ದಿನದೊಳಗೆ ಗಾಡಿ ಒಯ್ಯದಿದ್ದರೆ ದಿನಕ್ಕಿಷ್ಟು ಯಾರ್ಡ್ ಬಾಡಿಗೆ. ಕೊಡಗಿನವರಿಗೆ ಈ ಷರತ್ತು ಕಚ್ಚುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಣ್ಣು ಕೆಲಸ ನಿಂತು ಕೊಳ್ಳುವವರು ಕಡಿಮೆ ಇರುವ ಕಾಲ ಅದೇ, ಜೆಸಿಬಿ ಕಡಿಮೆ ಬೆಲೆಗೆ ಸಿಗುವುದೂ ಆಗಲೇ. ಆದರೆ ಮಳೆ ಜೋರಾದಾಗ ಜಿಲ್ಲಾಡಳಿತ ಭಾರೀ ವಾಹನಗಳನ್ನು ನಿರ್ಬಂಧಿಸುವುದುಂಟು, ಸಂಪಾಜೆ ಘಾಟಿಯಲ್ಲಿ ಮಣ್ಣು ಕುಸಿದರೆ ಮಂಗಳೂರು ಕಡೆಯ ದಾರಿಯೇ ಬಂದ್. ಮಳೆಗಾಲದಲ್ಲಿ ಕೊಳ್ಳುವುದಾದರೆ 15-20 ದಿನದ ಯಾರ್ಡ್ ಬಾಡಿಗೆಯನ್ನು ನಿಮ್ಮ ಗರಿಷ್ಠ ಮೊತ್ತದಿಂದ ಮೊದಲೇ ಕಳೆದಿಡಿ. ನೀರಿನ ಪಂಪ್‌ಸೆಟ್ಟಿಗೆ ಇದು ತಿರುಗುಮುರುಗು: ಕಾಫಿ ಹೂವಿಗೆ ಬೇಕಾದ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕುವ ಫೆಬ್ರವರಿ-ಮಾರ್ಚ್‌ನಲ್ಲಿ ಕೊಳ್ಳಹೋದರೆ ಎಲ್ಲರೂ ಅಲ್ಲೇ ಇರುತ್ತಾರೆ.

ಯಂತ್ರ ಹೊರುವ ತಗ್ಗಿನ ಲೋಬೆಡ್ ಲಾರಿ ತೋಟದ ಗೇಟಿನವರೆಗೆ ಬರುವುದಿಲ್ಲ. ಎಲ್ಲಿ ಇಳಿಸುವುದು, ಅಲ್ಲಿಂದ ಯಾರು ಓಡಿಸುವುದು ಎಂದು ಮೊದಲೇ ಗೊತ್ತು ಮಾಡಿ, ದಾರಿಯ ತಗ್ಗಿದ ವಿದ್ಯುತ್ ತಂತಿಗಳನ್ನು ನೋಡಿಟ್ಟುಕೊಳ್ಳಿ. ಜೆಸಿಬಿಯಾದರೆ ಬೂಮ್ ಲಾಕು, ತೋಳು ತಿರುಗದಂತೆ ತಡೆಯುವ ಪಿನ್ನು ಎರಡೂ ಹಾಕಿ, ಬಕೆಟ್ ಇಳಿಸಿ, ನಾಲ್ಕು ಮೂಲೆಗೂ ಚೈನು ಬಿಗಿಯಿರಿ. ಬಾಡಿಗೆ ಉಳಿಸಲು ಹುಣಸೂರಿನಿಂದ ಓಡಿಸಿಕೊಂಡೇ ಬರುವವರಿದ್ದಾರೆ. ಬ್ರೇಕು ಪರೀಕ್ಷಿಸದ ಎಂಟು ಟನ್ನಿನ ಹತ್ತಿರದ ಯಂತ್ರಕ್ಕೆ ಆ ದಾರಿ ತಕ್ಕದ್ದಲ್ಲ. ಟ್ರ್ಯಾಕ್ಟರನ್ನು ಓಡಿಸಿಕೊಂಡು ಬರುವುದಾದರೂ ನಿಮ್ಮ ಹೆಸರಿನ ಥರ್ಡ್ ಪಾರ್ಟಿ ವಿಮೆ ಗೇಟು ದಾಟುವ ಮೊದಲೇ ಆಗಿರಬೇಕು.

ಗೇಟಿನಲ್ಲಿ ಡೆಲಿವರಿ ಚೀಟಿಗೆ ಸಹಿ ಕೇಳುತ್ತಾರೆ. ಸಹಿಗೆ ಮುಂಚೆ, ನೋಡಲು ಬಂದ ದಿನ ತೆಗೆದ ಫೋಟೋಗಳನ್ನು ತೆರೆದು ಬ್ಯಾಟರಿ, ಎರಡನೇ ಬಕೆಟ್, ಟೂಲ್ ಬಾಕ್ಸ್, ಡೈನಮೋ, ನಾಲ್ಕು ಟೈರಿನ ನಂಬರು ಅವೇ ಹೌದೋ ನೋಡಿ. ಜೆಸಿಬಿಯ 16.9-28 ಅಳತೆಯ ಹಿಂದಿನ ಟೈರು ಒಂದು ರಾತ್ರಿಯಲ್ಲಿ ಬೋಳಾಗುವುದು ಅಪರೂಪವೇನಲ್ಲ. ಕಡಿಮೆ ಬಿದ್ದದ್ದನ್ನು ಚೀಟಿಯ ಎರಡೂ ಪ್ರತಿಗಳಲ್ಲಿ ಬರೆಸಿ, ಯಾರ್ಡ್ ಮ್ಯಾನೇಜರಿನ ಸಹಿ ಪಡೆದ ಮೇಲೆ ನಿಮ್ಮ ಸಹಿ ಹಾಕಿ.