ಹ್ಯಾಡ್ ಎಲ್ಲಿ ಬೇಕು, ಎಲ್ಲಿ ಬೇಡ

ಕನ್ನಡ ಮೀಡಿಯಂನಲ್ಲಿ ಓದಿ ಕೆಲಸಕ್ಕೆ ಸೇರಿದವರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಹಿಂದೆ ನಡೆದ ಒಂದು ಸಂಗತಿಗಿಂತಲೂ ಮೊದಲೇ ನಡೆದದ್ದನ್ನು ಹೇಳುವ ಪಾಸ್ಟ್ ಪರ್ಫೆಕ್ಟ್‌ನ ರೂಪ ಯಾರಿಗೂ ಕಷ್ಟವಿಲ್ಲ. ಹ್ಯಾಡ್, ಅದರ ಮುಂದೆ ಕ್ರಿಯಾಪದದ ಮೂರನೇ ರೂಪ, ಅಷ್ಟೇ. ಗೋ, ವೆಂಟ್, ಗಾನ್ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ಬೇಡದ ಕಡೆಯೂ ಹ್ಯಾಡ್ ತಂದು ಹಾಕುತ್ತಾರೆ, ತೊಡಕು ಅಲ್ಲಿದೆ.

'ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ.' ಸೋಮವಾರದ ಕ್ಲಾಸಿನಲ್ಲಿ ಈ ಥರದ ವಾಕ್ಯ ಸಿಕ್ಕೇ ಸಿಗುತ್ತದೆ. ಕಾರಣ ನಮ್ಮ 'ಹೋಗಿದ್ದೆ'. ನಿನ್ನೆ ಮೈಸೂರಿಗೆ ಹೋಗಿದ್ದೆ ಅಂದರೆ ಹೋಗಿ ಬಂದದ್ದೂ ಆಯಿತು. ಕನ್ನಡದಲ್ಲಿ ಅದು ಸರಿಯೇ. ಇಂಗ್ಲಿಷಿನಲ್ಲಿ ಅಷ್ಟಕ್ಕೆ 'ವೆಂಟ್' ಸಾಕು. ಹ್ಯಾಡ್ ಅಂದ ಕೂಡಲೇ ಕೇಳುವವರು ಕಾಯುತ್ತಾರೆ: ಯಾವುದಕ್ಕಿಂತ ಮೊದಲು ಹೋಗಿದ್ದು?

ಹಾಗಾಗಿ ನಾನು ನಿಯಮ ಬರೆಸುವುದಿಲ್ಲ. ಹೇಳಬೇಕಾದ ಮಾತನ್ನು ಕನ್ನಡದಲ್ಲೇ ಹೇಳಿ, ನಡುವೆ 'ಅಷ್ಟೊತ್ತಿಗಾಗಲೇ' ಸೇರಿಸಿ ನೋಡಿ ಅನ್ನುತ್ತೇನೆ. 'ಬಸ್ ಸ್ಟ್ಯಾಂಡಿಗೆ ಹೋದೆ, ಅಷ್ಟೊತ್ತಿಗಾಗಲೇ ಬಸ್ಸು ಹೊರಟುಹೋಗಿತ್ತು.' ಸಲೀಸಾಗಿ ಕೂತಿತು ಅಲ್ವಾ? ಇಲ್ಲಿ ಹ್ಯಾಡ್ ಬೇಕು: 'ವೆನ್ ಐ ರೀಚ್ಡ್ ದ ಬಸ್ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್.' ಸುಮ್ನೆ 'ನಿನ್ನೆ ಅಷ್ಟೊತ್ತಿಗಾಗಲೇ ಮೈಸೂರಿಗೆ ಹೋಗಿದ್ದೆ' ಅಂದರೆ 'ಎಷ್ಟೊತ್ತಿಗೆ?' ಅಂತ ಪಕ್ಕದವರೇ ಕೇಳುತ್ತಾರೆ. ಅಲ್ಲಿ ಹ್ಯಾಡ್ ಬೇಡ.

ಬಸ್ಸಿನ ವಾಕ್ಯದಲ್ಲಿ ಹ್ಯಾಡ್ ತೆಗೆದು 'ದ ಬಸ್ ಲೆಫ್ಟ್' ಅಂದರೆ ಅರ್ಥವೇ ಬೇರೆ. ನಾನು ಹೋದೆ, ಆಗ ಬಸ್ಸು ಹೊರಟಿತು, ಬಹುಶಃ ನನ್ನ ಕಣ್ಣೆದುರೇ. ಆಫೀಸಿನಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಜಾಸ್ತಿ. 'ವೆನ್ ದ ಕಸ್ಟಮರ್ ಕಾಲ್ಡ್, ವೀ ಹ್ಯಾಡ್ ಆಲ್ರೆಡಿ ಸೆಂಟ್ ದ ಬಿಲ್' ಅಂದರೆ ಬಿಲ್ ಮೊದಲೇ ಹೋಗಿತ್ತು. ಬರೀ 'ವೀ ಸೆಂಟ್ ದ ಬಿಲ್' ಅಂದರೆ ಅವರು ಫೋನ್ ಮಾಡಿದ ಮೇಲೆ ನಾವು ಎಚ್ಚೆತ್ತು ಕಳಿಸಿದ ಹಾಗೆ!

ವಾಕ್ಯದಲ್ಲಿ 'ಆಫ್ಟರ್', 'ಬಿಫೋರ್' ಇದ್ದರೆ ಯಾವುದು ಮೊದಲು ಅಂತ ಆ ಪದವೇ ಹೇಳಿಬಿಡುತ್ತದೆ. ಸಾಮಾನ್ಯವಾಗಿ ಹ್ಯಾಡ್ ಬಿಟ್ಟರೂ ನಡೆಯುತ್ತದೆ. ಅದಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ.

ಹೊತ್ತು ಬೇಕಾಗುವುದು ಕಿವಿಗೆ. ಮಾತಿನಲ್ಲಿ ಹ್ಯಾಡ್ ಪೂರ್ತಿ ಕೇಳಿಸುವುದೇ ಕಡಿಮೆ. 'ಐ ಹ್ಯಾಡ್' ಅನ್ನುವುದು 'ಐಡ್' ಆಗುತ್ತದೆ, 'ಐ ವುಡ್' ಕೂಡ 'ಐಡ್' ಆಗುತ್ತದೆ. ಮುಂದೆ 'ಗಾನ್' ಬಂದರೆ ಹ್ಯಾಡ್, 'ಗೋ' ಬಂದರೆ ವುಡ್. 'ಕಟ್', 'ಪುಟ್' ಥರ ಮೂರೂ ರೂಪ ಒಂದೇ ಇರುವ ಪದ ಬಂದರೆ ಈ ಗುರುತೂ ಕೈಕೊಡುತ್ತದೆ. ಆಗ ಅದಕ್ಕೂ ಮುಂಚೆ ಮಾತು ಯಾವುದರ ಬಗ್ಗೆ ನಡೆದಿತ್ತು ಅಂತಲೇ ನೋಡಬೇಕು.