ಹೋಳಿಗೆ ಅಂಗಡಿಯ ಪುಟದಲ್ಲಿ ಡಿವ್ ತೆಗೆದು ಬಟನ್ ಹಾಕಿದ ಕಥೆ

ಹೋದ ವರ್ಷ ಯುಗಾದಿಗೆ ಮುಂಚೆ ಗಾಂಧಿ ಬಜಾರ್ ಹತ್ತಿರದ ಒಂದು ಹೋಳಿಗೆ ಅಂಗಡಿಗೆ ಆರ್ಡರ್ ತೆಗೆದುಕೊಳ್ಳುವ ಪುಟ ಮಾಡಿಕೊಟ್ಟೆ. ಪೂರ್ತಿ ಕನ್ನಡದಲ್ಲೇ. ಫೋನಿನಲ್ಲೂ ಚೆನ್ನಾಗಿ ಕಾಣುತ್ತಿತ್ತು, ಅಂಗಡಿಯವರಿಗೂ ಇಷ್ಟ ಆಯಿತು. ಎರಡು ವಾರ ಕಳೆದ ಮೇಲೆ ಅವರಿಂದ ಫೋನ್ ಬಂತು. ತ್ಯಾಗರಾಜನಗರದಲ್ಲಿ ಒಬ್ಬರು ಮೇಷ್ಟ್ರಿದ್ದಾರೆ, ರಿಟೈರ್ ಆಗಿದ್ದಾರೆ, ಅಂಗಡಿಗೆ ಹಳೇ ಗಿರಾಕಿ. ಅವರಿಗೆ ಕಣ್ಣು ಕಾಣಿಸುವುದಿಲ್ಲ, ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್, ಹಾಕಿಕೊಂಡು ಕಂಪ್ಯೂಟರ್ ಬಳಸುತ್ತಾರೆ. ನಮ್ಮ ಪುಟದಲ್ಲಿ ಆರ್ಡರ್ ಮಾಡುವುದಕ್ಕೇ ಆಗುತ್ತಿಲ್ಲವಂತೆ.

ಭಾನುವಾರ ಅವರ ಮನೆಗೇ ಹೋದೆ. ಅವರ ಹತ್ತಿರ ಇದ್ದದ್ದು ಎನ್‌ವಿಡಿಎ, ಕಾಸಿಲ್ಲದೆ ಸಿಗುವ ಸ್ಕ್ರೀನ್ ರೀಡರ್. ಪುಟ ತೆರೆದು ಎಚ್ ಕೀ ಒತ್ತಿದರು. ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುವ ಕೀ ಅದು. ಒಂದೂ ಸಿಗಲಿಲ್ಲ. ಬಿ ಒತ್ತಿದರು, ಬಟನ್ ಹುಡುಕುವುದಕ್ಕೆ. ಅದೂ ಇಲ್ಲ ಅಂತ ಹೇಳಿತು. ಆಮೇಲೆ ಬಾಣದ ಕೀಲಿ ಒತ್ತುತ್ತಾ ಒಂದೊಂದೇ ಸಾಲು ಇಳಿದರು. ಎಷ್ಟೋ ಹೊತ್ತಿಗೆ ‘ಆರ್ಡರ್ ಮಾಡಿ’ ಅಂತ ಕೇಳಿಸಿತು. ಬರೀ ಮಾತಾಗಿ ಕೇಳಿಸಿತು ಅಷ್ಟೇ, ಅದು ಒತ್ತುವ ವಸ್ತು ಅನ್ನುವ ಸುಳಿವೇ ಇರಲಿಲ್ಲ.

‘ಬೋರ್ಡ್ ಓದಿದ ಹಾಗಿದೆ ನೋಡಪ್ಪ, ಅಂಗಡಿ ಬಾಗಿಲು ಎಲ್ಲಿ?’ ಅಂದರು ಮೇಷ್ಟ್ರು.

ನನಗೆ ಕಾರಣ ಆಗಲೇ ಗೊತ್ತಾಗಿತ್ತು. ವೆಬ್ ಪುಟದ ಪ್ರತಿ ಭಾಗವನ್ನೂ ಒಂದು ಟ್ಯಾಗ್, ಅಂದರೆ ಕೋಡಿನ ಗುರುತು, ಹಾಕಿ ಬರೆಯುತ್ತೇವೆ. ನಾನು ಇಡೀ ಪುಟವನ್ನು ಡಿವ್, ಸ್ಪ್ಯಾನ್ ಅನ್ನುವ ಅರ್ಥವಿಲ್ಲದ ಟ್ಯಾಗ್‌ಗಳಲ್ಲೇ ಕಟ್ಟಿದ್ದೆ. ಶೀರ್ಷಿಕೆ ಅಂದರೆ ದೊಡ್ಡ ಅಕ್ಷರದ ಸ್ಪ್ಯಾನ್. ಬಟನ್ ಅಂದರೆ ಹಸಿರು ಬಣ್ಣದ ಡಿವ್. ಕ್ಲಿಕ್ ಹಿಡಿಯುವ ಕೋಡನ್ನು ಒಂದೇ ಕಡೆ, ಇಡೀ ಡಾಕ್ಯುಮೆಂಟ್‌ಗೆ ಕಟ್ಟಿದ್ದೆ, ಹಾಗಾಗಿ ಯಾವುದನ್ನು ಒತ್ತಬಹುದು ಅಂತ ರೀಡರ್‌ಗೆ ಊಹಿಸುವುದಕ್ಕೂ ದಾರಿ ಇರಲಿಲ್ಲ. ಕಣ್ಣಿಗೆ ಎಲ್ಲವೂ ಸರಿ. ಆದರೆ ಡಿವ್ ತಾನು ಏನು ಅಂತ ಯಾರಿಗೂ ಹೇಳುವುದಿಲ್ಲ. ಅದರ ಕೆಲಸವೇ ಅಷ್ಟು, ಸುಮ್ನೆ ಒಂದು ಡಬ್ಬಿ.

ಈ ಅಭ್ಯಾಸ ಎಲ್ಲಿಂದ ಬಂತು ಅಂದರೆ, ನಾನು ಕಲಿತದ್ದೇ ಹಳೇ ಥೀಮ್‌ಗಳನ್ನು, ಅಂದರೆ ಯಾರೋ ಮಾಡಿಟ್ಟ ಸಿದ್ಧ ಪುಟಗಳನ್ನು, ಬಿಚ್ಚಿ ನೋಡಿ. ಆ ಥೀಮ್‌ಗಳ ಕಾಲದಲ್ಲಿ ಡಿವ್‌ಗೆ ‘ಹೆಡರ್’, ‘ಫೂಟರ್’ ಅಂತ ಕ್ಲಾಸ್ ಹೆಸರು ಕೊಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. 2005ರಲ್ಲಿ ಗೂಗಲ್ ನೂರು ಕೋಟಿಗೂ ಜಾಸ್ತಿ ಪುಟಗಳನ್ನು ಪರೀಕ್ಷಿಸಿದಾಗ ಜನ ಇಂಥವೇ ಹೆಸರುಗಳನ್ನು ಮತ್ತೆ ಮತ್ತೆ ಬಳಸುತ್ತಿದ್ದದ್ದು ಕಂಡಿತ್ತು. ಆಮೇಲೆ ವೆಬ್ ಪುಟ ಬರೆಯುವ ಭಾಷೆಯ ಐದನೇ ಆವೃತ್ತಿಯಾದ ಎಚ್‌ಟಿಎಂಎಲ್5ರಲ್ಲಿ ಹೆಡರ್, ಫೂಟರ್, ನ್ಯಾವ್ ಅಂತ ಟ್ಯಾಗ್‌ಗಳೇ ಬಂದವು, 2014ರ ಅಕ್ಟೋಬರ್‌ನಲ್ಲಿ ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಅದನ್ನು ಅಂತಿಮ ಮಾಡಿತು. ಬಟನ್ ಟ್ಯಾಗ್ ಅಂತೂ ಅದಕ್ಕಿಂತ ಎಷ್ಟೋ ಹಳೆಯದು. ಅದನ್ನು ನಾನು ದೂರ ಇಟ್ಟಿದ್ದಕ್ಕೆ ಕಾರಣ ಒಂದೇ: ಬ್ರೌಸರ್ ತಾನಾಗಿ ಹಾಕುವ ಬೂದು ಬಣ್ಣ, ಅಂಚು, ಬೇರೆ ಫಾಂಟ್ ನನಗೆ ಇಷ್ಟ ಇರಲಿಲ್ಲ. ಪುಟದ ಅಂದ ಹೇಳುವ ಕೋಡ್ ಆದ ಸಿಎಸ್‌ಎಸ್‌ನಲ್ಲಿ ಫಾಂಟ್ ಇನ್‌ಹೆರಿಟ್, ಬಾರ್ಡರ್ ಸೊನ್ನೆ, ಬ್ಯಾಕ್‌ಗ್ರೌಂಡ್ ನನ್‌ ಅಂತ ಮೂರು ಸಾಲು ಬರೆದಿದ್ದರೆ ಮುಗಿದುಹೋಗುತ್ತಿತ್ತು.

ಮೊದಲು ಬಟನ್‌ಗಳನ್ನೇ ಬದಲಾಯಿಸಿದೆ. ಡಿವ್ ಇಟ್ಟುಕೊಂಡೇ ರಿಪೇರಿ ಮಾಡಬಹುದಿತ್ತು, ಇಲ್ಲ ಅಂತಲ್ಲ. ಇದು ಬಟನ್ ಅಂತ ರೀಡರ್‌ಗೆ ಗೊತ್ತಾಗಲಿ ಅಂತ ರೋಲ್ ಬಟನ್ ಅಂತ ಬರೆಯಬೇಕು, ಟ್ಯಾಬ್ ಕೀಗೆ ಸಿಗಲಿ ಅಂತ ಟ್ಯಾಬ್‌ಇಂಡೆಕ್ಸ್ ಸೊನ್ನೆ ಹಾಕಬೇಕು, ಎಂಟರ್‌ಗೂ ಸ್ಪೇಸ್‌ಗೂ ಬೇರೆ ಕೋಡ್ ಬರೆಯಬೇಕು, ಸ್ಪೇಸ್ ಒತ್ತಿದಾಗ ಪುಟ ಕೆಳಗೆ ಜಾರದ ಹಾಗೂ ನೋಡಿಕೊಳ್ಳಬೇಕು. ಬಟನ್ ಟ್ಯಾಗ್ ಹಾಕಿದರೆ ಇದೆಲ್ಲ ತಾನಾಗಿಯೇ ಬರುತ್ತದೆ. ಹಾಗಿದ್ದ ಮೇಲೆ ಅಷ್ಟೊಂದು ಕಷ್ಟ ಯಾಕೆ ಅಲ್ವಾ? ಒಂದು ಎಡವಟ್ಟು ಮಾತ್ರ ಆಯಿತು. ಹೋಳಿಗೆ ಎಷ್ಟು ಬೇಕು ಅಂತ ಏರಿಸುವ ಪ್ಲಸ್ ಬಟನ್ ಒತ್ತಿದರೆ ಆರ್ಡರೇ ಹೋಗಿಬಿಡುತ್ತಿತ್ತು. ಫಾರ್ಮ್ ಒಳಗಿನ ಬಟನ್‌ಗೆ ಟೈಪ್ ಹೇಳದಿದ್ದರೆ ಅದು ಸಬ್ಮಿಟ್, ಅಂದರೆ ಫಾರ್ಮ್ ಕಳಿಸುವ ಬಟನ್, ಆಗುತ್ತದೆ. ಟೈಪ್ ಬಟನ್ ಅಂತ ಬರೆದ ಮೇಲೆ ಸರಿಹೋಯಿತು.

ಆಮೇಲೆ ನಾನು ಅತಿ ಮಾಡಿದೆ. ಕಂಡ ಕಂಡ ಡಿವ್ ಎಲ್ಲ ಸೆಕ್ಷನ್, ಅಂದರೆ ಪುಟದ ಒಂದು ವಿಭಾಗ ಅನ್ನುವ ಟ್ಯಾಗ್, ಆಯಿತು. ಪ್ರತಿಯೊಂದಕ್ಕೂ ಏರಿಯಾ ಲೇಬಲ್, ಅಂದರೆ ರೀಡರ್ ಓದಿ ಹೇಳುವ ಹೆಸರು, ಅಂಟಿಸಿದೆ. ಖುಷಿಯಿಂದ ಮತ್ತೆ ಮೇಷ್ಟ್ರ ಮನೆಗೆ ಹೋದೆ. ಡಿ ಕೀ ಒತ್ತಿದರೆ ಪುಟದ ಮುಖ್ಯ ಜಾಗಗಳಿಗೆ ಮಾತ್ರ ಹೋಗಬೇಕು. ಅವರು ಒತ್ತುತ್ತಲೇ ಇದ್ದರು, ಮುಗಿಯಲೇ ಇಲ್ಲ. ಒಂದು ಹೋಳಿಗೆಯ ಚಿತ್ರದ ಸುತ್ತ ಇದ್ದ ಚೌಕಟ್ಟೂ ಒಂದು ಜಾಗವಾಗಿ ಕೂತಿತ್ತು. ‘ಮೊದಲು ಏನೂ ಹೇಳ್ತಿರಲಿಲ್ಲ, ಈಗ ಸುಮ್ಮನಿರೋದೇ ಇಲ್ಲವಲ್ಲೋ’ ಅಂದರು.

ಅಲ್ಲಿಂದ ಬಂದ ಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಸಿಎಸ್‌ಎಸ್ ಪೂರ್ತಿ ತೆಗೆದು ಪುಟವನ್ನು ಗಟ್ಟಿಯಾಗಿ ಓದುತ್ತೇನೆ. ಫೋನಿನಲ್ಲಿ ಯಾರಿಗೋ ಈ ಪುಟ ವಿವರಿಸುತ್ತಿದ್ದರೆ ಈ ಭಾಗಕ್ಕೆ ಏನಂತ ಹೆಸರು ಹೇಳುತ್ತೇನೆ? ‘ತಿಂಡಿಗಳ ಪಟ್ಟಿ’, ‘ನಿಮ್ಮ ಆರ್ಡರ್’ ಅಂತ ಹೆಸರು ಬಂದರೆ ಅದಕ್ಕೆ ಅರ್ಥ ಇರುವ ಟ್ಯಾಗ್ ಹುಡುಕುತ್ತೇನೆ. ‘ಎರಡು ಕಾಲಂ ಮಾಡುವುದಕ್ಕೆ ಸುತ್ತಿದ ಡಬ್ಬಿ’ ಅಂತ ಮಾತ್ರ ಹೇಳಬಹುದಾದರೆ ಅದು ಡಿವ್, ಡಿವ್ ಆಗಿಯೇ ಇರಲಿ, ಅದರಲ್ಲಿ ತಪ್ಪಿಲ್ಲ. ಸೆಕ್ಷನ್‌ಗೆ ಹೆಸರು ಕೊಡದಿದ್ದರೆ ರೀಡರ್ ಪಾಲಿಗೆ ಅದೂ ಡಿವ್ ಇದ್ದ ಹಾಗೆಯೇ. ಹೆಸರು ಕೊಡಬೇಕೋ ಬೇಡವೋ ಅಂತ ಯೋಚಿಸುವುದೇ ಅಲ್ಲಿ ನಿಜವಾದ ಕೆಲಸ.

ತಿಂಡಿಗಳಿಗೆ ಆರ್ಟಿಕಲ್ (ಬಿಡಿಯಾಗಿ ನಿಲ್ಲುವ ಬರಹದ ಟ್ಯಾಗ್) ಹಾಕಲೋ ಲಿಸ್ಟ್ ಹಾಕಲೋ ಅಂತ ಒಂದು ದಿನ ಯೋಚನೆ ಮಾಡಿದೆ. ಲಿಸ್ಟ್ ಹಾಕಿದೆ, ಯಾಕೆಂದರೆ ಒಳಗೆ ಹೋಗುತ್ತಿದ್ದ ಹಾಗೆ ‘14 ಐಟಂ’ ಅಂತ ಲೆಕ್ಕ ಕೇಳಿಸುತ್ತದೆ, ಎಷ್ಟು ತಿಂಡಿ ಇದೆ ಅಂತ ಮೊದಲೇ ಗೊತ್ತಾಗುತ್ತದೆ. ಕೊನೆಯ ಬಿಲ್ ಟೇಬಲ್ ಆಯಿತು. ಕಡಲೆಬೀಜ ಇದೆ ಅನ್ನುವ ಎಚ್ಚರಿಕೆಗೆ, ಇದು ಮುಖ್ಯ ಅಂತ ಸೂಚಿಸುವ ಸ್ಟ್ರಾಂಗ್ ಟ್ಯಾಗ್ ಹಾಕಿ ಅಷ್ಟಕ್ಕೇ ನೆಮ್ಮದಿಯಾಗಿದ್ದೆ. ಆದರೆ ಎನ್‌ವಿಡಿಎಯ ಸೆಟ್ಟಿಂಗ್ ಮುಟ್ಟದಿದ್ದರೆ ಸ್ಟ್ರಾಂಗ್ ಇದೆ ಅಂತ ಅದು ಹೇಳುವುದೇ ಇಲ್ಲ. ಟ್ಯಾಗ್ ಹಾಗೇ ಬಿಟ್ಟು, ಮುಂದೆ ‘ಎಚ್ಚರಿಕೆ:’ ಅನ್ನುವ ಪದವನ್ನೇ ಸೇರಿಸಿದೆ.

ಎಲ್ಲಕ್ಕಿಂತ ನನಗೆ ಬೇಜಾರಾದದ್ದು ಪುಟದ ಕೋಡಿನ ಶುರುವಿನ ಸಾಲು ನೋಡಿದಾಗ. ಥೀಮ್‌ನಿಂದ ಬಂದಿದ್ದ ಭಾಷೆಯ ಗುರುತು ಇಂಗ್ಲಿಷ್ ಅಂತಲೇ ಇತ್ತು. ಪುಟ ಪೂರ್ತಿ ಕನ್ನಡ, ಗುರುತು ಮಾತ್ರ ಇಂಗ್ಲಿಷ್! ಅದನ್ನು ಕನ್ನಡದ ಕೋಡ್‌ಗೆ, ಅಂದರೆ ಕೆ ಎನ್ ಅನ್ನುವ ಎರಡಕ್ಷರಕ್ಕೆ ಬದಲಾಯಿಸಿದೆ. ಯಾವ ದನಿಯಲ್ಲಿ ಓದಬೇಕು ಅಂತ ರೀಡರ್ ತೀರ್ಮಾನ ಮಾಡುವುದು ಇದನ್ನು ನೋಡಿಯೇ. ಕನ್ನಡದಲ್ಲಿ ಪುಟ ಮಾಡುವವರು ದಯವಿಟ್ಟು ಇವತ್ತೇ ಈ ಒಂದು ಸಾಲು ತೆರೆದು ನೋಡಿ.

ಗೌರಿ ಹಬ್ಬಕ್ಕೆ ಮೇಷ್ಟ್ರು ತಾವೇ ಕೂತು 20 ಕಾಯಿ ಹೋಳಿಗೆ ಆರ್ಡರ್ ಮಾಡಿದರು. ಡೆಲಿವರಿ ತಾರೀಕು ಆರಿಸುವ ಕಡೆ ಮಾತ್ರ ಅಂಗಡಿಗೆ ಫೋನ್ ಮಾಡಬೇಕಾಯಿತು. ಆ ಕ್ಯಾಲೆಂಡರ್ ಬೇರೆಯವರ ಲೈಬ್ರರಿ, 30 ತಾರೀಕೂ 30 ಡಿವ್. ಈ ವಾರ ಅದನ್ನು ಕಿತ್ತು, ಬ್ರೌಸರ್‌ನದೇ ತಾರೀಕಿನ ಇನ್‌ಪುಟ್ ಹಾಕುತ್ತಿದ್ದೇನೆ. ಭಾನುವಾರ ಮತ್ತೆ ಮೇಷ್ಟ್ರ ಮನೆಗೆ ಹೋಗಬೇಕು.